ಬೆರಳು ಮಡಚಿದವು, ಶಿವಲಿಂಗಮ್ಮ ಮೇಜು ಬಿಡಲಿಲ್ಲ

ಬೆಳಿಗ್ಗೆ ಆರೂವರೆ. ಯಲಬುರ್ಗಾದ ಸರ್ಕಾರಿ ಕಚೇರಿಯೊಂದರ ಆವರಣಕ್ಕೆ ಕಸ ಗುಡಿಸುವವರೂ ಇನ್ನೂ ಬಂದಿಲ್ಲ. ಮೂಲೆಯ ತಗಡಿನ ಶೆಡ್ಡಿನಲ್ಲಿ ಶಿವಲಿಂಗಮ್ಮ ಒಬ್ಬರೇ ಕೂತು ಮಾತಾಡುತ್ತಿದ್ದಾರೆ. ಬಾಯಿ ಮುಂದೆ ಮೈಕು, ಎದುರಿಗೆ ಹಳೆಯ ಕಂಪ್ಯೂಟರು, ಎರಡೂ ಕೈ ಮಡಿಲಲ್ಲಿ. "ಪಹಣಿಯಲ್ಲಿ ನನ್ನ ತಂದೆಯ ಹೆಸರು ತಪ್ಪಾಗಿ ನಮೂದಾಗಿದ್ದು" ಎನ್ನುತ್ತಾರೆ, ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಕಾಲಡಿಯ ಪೆಡಲು ಒತ್ತಿ "ಪ್ರಿಂಟ್" ಎನ್ನುತ್ತಾರೆ, ಕಾಗದ ಹೊರಬರುತ್ತದೆ. ಜನರ ಗದ್ದಲ ಶುರುವಾಗುವ ಮೊದಲು, ಹಿಂದಿನ ದಿನ ಕೇಳಿಟ್ಟುಕೊಂಡ ಉದ್ದದ ಅರ್ಜಿಗಳೆಲ್ಲ ಮುಗಿಯಬೇಕು. ಅದಕ್ಕೇ ಕುಕನೂರಿನಿಂದ ದಿನವೂ ಮೊದಲ ಬಸ್ಸಿಗೇ ಬರುತ್ತಾರೆ.

ಅವರಿಗೀಗ ನಲವತ್ತೇಳು. ಕೊಪ್ಪಳ ಜಿಲ್ಲೆಯಾದ 1997ರಲ್ಲಿ ಟೈಪಿಂಗ್ ಕಲಿತವರು. ಕುರಿ ಮೇಯಿಸುವ ಮನೆಯ ಹುಡುಗಿಗೆ ಇದೆಲ್ಲ ಯಾಕೆ ಎಂದು ನಕ್ಕವರು ಆಮೇಲೆ ಅರ್ಜಿ ಹಿಡಿದು ಇವರ ಮೇಜಿಗೇ ಬಂದರು. ಒಂದು ಕಾಲಕ್ಕೆ ದಿನಕ್ಕೆ ನಲವತ್ತು ಅರ್ಜಿ ಬಡಿಯುತ್ತಿದ್ದ ಬೆರಳುಗಳನ್ನು ಐದು ವರ್ಷಗಳ ಹಿಂದೆ ಕೀಲುವಾತ ಮಡಚಿ ಹಾಕಿತು. ಈಗ ಚಹಾದ ಲೋಟವನ್ನೂ ಎರಡು ಅಂಗೈ ನಡುವೆ ಹಿಡಿದೇ ಕುಡಿಯಬೇಕು.

ಕಚೇರಿಯ ಆವರಣದಲ್ಲಿ ಟೈಪಿಂಗ್ ಮೇಜು ಹಾಕುವ ಅನುಮತಿ ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಆಗಿದ್ದ ಅಧಿಕಾರಿ, "ಕೈ ಆಡದವರಿಗೆ ಟೈಪಿಂಗ್ ಮೇಜು ಯಾಕಮ್ಮ? ಒಂದು ತಿಂಗಳಲ್ಲಿ ಖಾಲಿ ಮಾಡು" ಎಂದುಬಿಟ್ಟರು. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ. ಶಿವಲಿಂಗಮ್ಮ ಅಳಲಿಲ್ಲ. ಕೊಪ್ಪಳದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಚಾಂದಸಾಬರ ಅಂಗಡಿಗೆ ಹೋಗಿ, ಮಾತು ಕೇಳಿ ಬರೆಯುವ ಸಾಫ್ಟ್‌ವೇರ್ ಯಾವ್ಯಾವಿವೆ ಎಲ್ಲ ತೋರಿಸಿ ಎಂದರು.

ಚಾಂದಸಾಬ ಮೂರನ್ನು ತೋರಿಸಿದರು. ಮೂರಕ್ಕೂ ಶಿವಲಿಂಗಮ್ಮ ಒಂದೇ ಅರ್ಜಿ ಹೇಳಿ ನೋಡಿದರು. "ಒಂದಕ್ಕ ಕನ್ನಡ ಛಲೋ ಬರ್ತಿತ್ತು, ಆದ್ರ ಫೈಲ್ ತಗಿ ಅಂದ್ರ ಸುಮ್ಮನ ಕುಂದರತಿತ್ತು. ಇನ್ನೊಂದು ತಗಿ, ಮುಚ್ಚು, ಪ್ರಿಂಟ್ ಹಾಕು, ಎಲ್ಲಾ ಮಾಡ್ತಿತ್ತು, ಆದ್ರ ಇಂಗ್ಲಿಷಿನಾಗ ಹೇಳಬೇಕು. ಮೂರನೇದ್ದು ಎರಡೂ ಮಾಡ್ತೀನಿ ಅಂತ ಹೇಳಿ ಒಂದನ್ನೂ ನೆಟ್ಟಗ ಮಾಡಲಿಲ್ರಿ" ಎನ್ನುತ್ತಾರೆ. ಮೊದಲೆರಡನ್ನೂ ಹಾಕಿಸಿಕೊಂಡರು. ಒಂದರಿಂದ ಇನ್ನೊಂದಕ್ಕೆ ದಾಟಲು ಚಾಂದಸಾಬ ಕಾಲಿಗೆ ಪೆಡಲು ಕೂರಿಸಿಕೊಟ್ಟರು. ನಲವತ್ತು ಇಂಗ್ಲಿಷ್ ಆಜ್ಞೆಗಳನ್ನು ಕ್ಯಾಲೆಂಡರಿನ ಹಿಂಬದಿಗೆ ಕನ್ನಡ ಅಕ್ಷರಗಳಲ್ಲಿ ಬರೆಸಿಕೊಂಡು ಒಂದೇ ವಾರದಲ್ಲಿ ಬಾಯಿಪಾಠ ಮಾಡಿದರು.

ಆದರೆ ನಮ್ಮ ಕಡೆ ಒಬ್ಬರ ಅರ್ಜಿಗೆ ನಾಲ್ವರು ಬರುತ್ತಾರೆ, ನಾಲ್ವರೂ ಮಾತಾಡುತ್ತಾರೆ. ಮೊದಲ ದಿನವೇ ಹೊನ್ನೂರಪ್ಪ ಎಂಬ ರೈತರ ಅರ್ಜಿಯೊಳಗೆ "ಅದನ್ನ ಹಾಕಬ್ಯಾಡ, ದೊಡ್ಡಪ್ಪಗ ಗೊತ್ತಾದ್ರ ಗದ್ದಲ ಆಕ್ಕೈತಿ" ಎಂಬ ಅವರ ಅಳಿಯನ ಪಿಸುಮಾತೂ ಅಚ್ಚಾಗಿ ಬಂತು. ಸುಮ್ಮನಿರಿ ಎಂದರೆ ಜನ ಮುನಿಸಿಕೊಳ್ಳುತ್ತಾರೆ. ಶಿವಲಿಂಗಮ್ಮ ಮೇಜಿನ ಮೇಲೆ ಎಲೆ ಅಡಿಕೆಯ ತಟ್ಟೆ ಇಟ್ಟರು. ಮೊದಲು ವಿಷಯ ಪೂರ್ತಿ ಕೇಳಿಕೊಳ್ಳುತ್ತಾರೆ, ಆಮೇಲೆ ತಟ್ಟೆ ಮುಂದೆ ಸರಿಸಿ ಮೈಕು ಹಚ್ಚುತ್ತಾರೆ. "ಮಂದಿಗೆ ಮರ್ಯಾದಿನೂ ಆತು, ಬಾಯಿನೂ ಮುಚ್ಚಿತು!"

ತಿಂಗಳ ಕೊನೆಗೆ ಅಧಿಕಾರಿ ಪರೀಕ್ಷೆಗೆ ಬಂದರು. ಎಲೆ ಅಡಿಕೆ ಬೇಡವೆಂದರು. ಶಿವಲಿಂಗಮ್ಮ ಮೈಕಿಗೆ ಅರ್ಜಿ ಹೇಳುತ್ತಿರುವಾಗಲೇ ಪಕ್ಕದವರತ್ತ ತಿರುಗಿ, "ಇದೆಲ್ಲ ನಡೆಯೋದಲ್ಲ, ಸುಮ್ಮನೆ ನಾಟಕ" ಎಂದರು. ಆ ಮಾತೂ ಪರದೆಗೆ ಬಂತು. ಅಳಿಸುವುದು ಶಿವಲಿಂಗಮ್ಮನವರಿಗೆ ಗೊತ್ತಿತ್ತು, ಅಳಿಸಲಿಲ್ಲ. ಹಾಗೇ ಪ್ರಿಂಟ್ ಹಾಕಿ, "ನಡಿತೈತಿ ಅನ್ನೂದಕ್ಕ ನಿಮ್ಮ ಮಾತ ಸಾಕ್ಷಿ ನೋಡ್ರಿ ಸಾಹೇಬ್ರ" ಎಂದರು. ಸುತ್ತಲಿದ್ದವರು ನಕ್ಕರು. ಅಧಿಕಾರಿ ಆ ಕಾಗದವನ್ನು ಎರಡು ಸಲ ಓದಿ ಒಂದು ವರ್ಷಕ್ಕೆ ಅನುಮತಿ ಕೊಟ್ಟರು.

ಈಗ ದಿನಕ್ಕೆ ಇಪ್ಪತ್ತೈದು ಅರ್ಜಿ ಆಗುತ್ತವೆ. ಕರೆಂಟು ಹೋದರೆ, ನೆಟ್ ಕೈಕೊಟ್ಟರೆ ಹತ್ತೂ ಆಗುವುದಿಲ್ಲ. ಸಂಜೆಗೆ ಗಂಟಲು ಕಟ್ಟಿರುತ್ತದೆ. ಅಂಗವಿಕಲರ ಪಿಂಚಣಿ ಹಾಕಿಸಿಕೊಂಡು ಮನೆಯಲ್ಲಿರಬಾರದೇ ಎಂದು ಕೇಳಿ ನಾನು ಬೈಸಿಕೊಂಡೆ. "ಪಿಂಚಣಿ ಕೊಟ್ರ ತಗೋತೀನ್ರಿ, ಅದು ನನ್ನ ಹಕ್ಕು. ಮೇಜು ಬಿಡು ಅಂದ್ರ ಮಾತ್ರ ಬಿಡಾಂಗಿಲ್ಲ. ಬೆರಳು ಹೋದ್ರ ಇಪ್ಪತ್ತೆಂಟು ವರ್ಷ ಕಲ್ತಿದ್ದು ಎಲ್ಲಿ ಹೊಕ್ಕೈತಿ?"

ಈ ತಿಂಗಳು ಮತ್ತೆ ನವೀಕರಣ. ಹೊಸ ಅಧಿಕಾರಿ ಬಂದಿದ್ದಾರೆ, ಹಳೆಯ ಪ್ರಶ್ನೆಯನ್ನೇ ಕೇಳಿ ಕಳುಹಿಸಿದ್ದಾರೆ. ನಾನು ಹೊರಡಲು ಏಳುವ ಹೊತ್ತಿಗೆ ಶಿವಲಿಂಗಮ್ಮ ತಮ್ಮದೇ ಅರ್ಜಿಯ ಕೊನೆಯ ಸಾಲು ಹೇಳಿ ಮುಗಿಸುತ್ತಾರೆ. ಎರಡು ಅಂಗೈ ನಡುವೆ ಕಾಗದ ಎತ್ತಿ ಒಮ್ಮೆ ಓದಿಕೊಳ್ಳುತ್ತಾರೆ.

"ಒಂದ ತಪ್ಪಿಲ್ಲ ನೋಡ್ರಿ. ನನ್ನ ಕೆಲಸ ನಾನು ಬಾಯಿಲೆ ಮಾಡೀನಿ. ಇನ್ನ ಸಹಿ ಅಷ್ಟ ಬಾಕಿ. ಸಾಹೇಬ್ರ ಕೈ ಏನ ನೆಟ್ಟಗ ಅದಾವಲ್ಲ!"