ಕಣ್ಣಿಲ್ಲದ ಎತ್ತು

ನನ್ನ ಕೆಲಸ ಏನೆಂದು ವಿವರಿಸುವಷ್ಟರಲ್ಲಿ ನನಗೇ ಸುಸ್ತಾಗುತ್ತದೆ. ಸ್ಕೇಟ್‌ಬೋರ್ಡ್ ಎಂದರೆ ನಾಲ್ಕು ಗಾಲಿಯ ಹಲಗೆ. ಹುಡುಗರು ಅದರ ಮೇಲೆ ನಿಂತು ಜಾರುತ್ತಾರೆ. ಅದರ ಅಡಿಯಲ್ಲಿ ಒಂದು ಚಿತ್ರವಿರುತ್ತದೆ, ಆ ಚಿತ್ರ ಬರೆಯುವವಳು ನಾನು. "ಅಡಿಯಾಗಿಂದು ಯಾರ್ ನೋಡ್ತಾರ್ರೀ?" ಎಂದು ರಾಯಚೂರಿನ ನನ್ನ ಮನೆ ಮಾಲಕಿ ಕೇಳಿದ್ದರು. "ಬಿದ್ದಾಗ ಎಲ್ಲಾರೂ ನೋಡ್ತಾರ್ರಿ" ಎಂದೆ.

ಕುಂಚ ಹಿಡಿಯಲು ಕಲಿತದ್ದು ಮಾನ್ವಿಯಲ್ಲಿ, ಸೋದರಮಾವನ ಹತ್ತಿರ. ಅವನು ಟ್ರ್ಯಾಕ್ಟರ್ ಟ್ರ್ಯಾಲಿಗಳಿಗೆ ಬಣ್ಣ ಹಚ್ಚುತ್ತಿದ್ದ. ಭತ್ತದ ಸುಗ್ಗಿ ಹತ್ತಿರ ಬಂತೆಂದರೆ ಅವನ ಅಂಗಡಿ ಮುಂದೆ ಟ್ರ್ಯಾಲಿಗಳ ಸಾಲು. ಹಿಂಬಾಗಿಲಿಗೆ ಎತ್ತು ಬರೆದು ಕಣ್ಣು ಮಾತ್ರ ಖಾಲಿ ಬಿಡುತ್ತಿದ್ದ. ಯಜಮಾನ ಬಂದು ಎದುರು ನಿಂತ ಮೇಲೆಯೇ ಕಣ್ಣು. ಬರೆದಾದ ಮೇಲೆ "ಎತ್ತು ನಿಮ್ಮನ್ನ ನೋಡಾಕತ್ತದೇನ್ರಿ?" ಎಂದು ಕೇಳುವುದು ಅವನ ಪದ್ಧತಿ. ಯಜಮಾನ "ನೋಡಾಕತ್ತದ" ಎಂದರೆ ಮಾತ್ರ ಟ್ರ್ಯಾಲಿ ಅಲ್ಲಿಂದ ಕದಲುತ್ತಿತ್ತು.

ನನ್ನ ಮೊದಲ ಹಲಗೆಗೂ ಎತ್ತನ್ನೇ ಬರೆದೆ. ದೂರದ ಊರಿನ ಕಂಪನಿಗೆ ಚಿತ್ರ ಕಳಿಸುವಾಗ, ಮಾವನ ರೂಢಿಯಂತೆ, ಕಣ್ಣಿನ ಜಾಗ ಖಾಲಿ ಬಿಟ್ಟಿದ್ದೆ. ಯಾರಾದರೂ ಕೇಳುತ್ತಾರೆ, ಆಗ ಬರೆದರಾಯಿತು ಎಂದು ಕಾದೆ. ಪುಣ್ಯಾತ್ಮರು ಹಾಗೆಯೇ ಅಚ್ಚು ಹಾಕಿಬಿಟ್ಟರು! ನನ್ನ ಪೆದ್ದುತನ ಅವರಿಗೆ ಹೊಸ ಶೈಲಿಯಾಗಿ ಕಂಡಿತು. ಆಮೇಲೆ ಬರೆದ ಹುಲಿ, ನವಿಲು, ಕೃಷ್ಣೆಯ ಮೊಸಳೆ ಎಲ್ಲವೂ ಕಣ್ಣಿಲ್ಲದೆಯೇ ಹೋದವು. ಹೆಸರು ಬಂತು. ಆದರೆ ಯಾವ ಯಜಮಾನನೂ ನನ್ನ ಎದುರು ಬಂದು ನಿಲ್ಲಲಿಲ್ಲ. "ನೋಡಾಕತ್ತದ" ಎಂಬ ಆ ಒಂದು ಮಾತು ಕೇಳಬೇಕೆಂದು ಜೀವ ಹಾತೊರೆಯುತ್ತಿತ್ತು.

ಅಷ್ಟರಲ್ಲಿ ಸ್ಟಿಕ್ಕರ್ ಕಾಲ ಬಂದು ಮಾವ ಅಂಗಡಿ ಮುಚ್ಚಿ, ದೇವದುರ್ಗದ ಮಗಳ ಮನೆ ಸೇರಿದ್ದ. ಒಂದು ಐತವಾರ ಎತ್ತಿನ ಹಲಗೆ, ಬಣ್ಣದ ಡಬ್ಬಿ ಹಿಡಿದು ಬಸ್ ಹತ್ತಿದೆ.

ಮಾವ ಹಲಗೆ ತಿರುವಿ ನೋಡಿದ. "ಕಣ್ಣೆಲ್ಲಿ ಬೇ?"

"ಯಜಮಾನ ಬಂದಿದ್ದಿಲ್ಲ ಮಾವ. ಇದು ನಿಂದು."

ಅವನು ಎದ್ದು ಅಂಗಿ ತೊಟ್ಟು ಬಂದು, ಗಿರಾಕಿಯಂತೆ ಎದುರು ಕುಳಿತ. ಕಂಪ್ಯೂಟರಿಗೆ ಒಗ್ಗಿದ ನನ್ನ ಕೈಗೆ ಕುಂಚದ ಹಿಡಿತ ಸಿಗಲಿಲ್ಲ. ಹೇಗೋ ಬರೆದು ಮುಗಿಸಿ ಕೇಳಿದೆ, "ನೋಡಾಕತ್ತದೇನು ಮಾವ?"

ಬಹಳ ಹೊತ್ತು ದಿಟ್ಟಿಸಿ ಅವನೆಂದ, "ಇನ್ನಾ ನೋಡವಲ್ದು. ಮುಂದಿನ ಐತಾರ ಬಾ."

ಸಿಟ್ಟು ಬಂತು, ಹಲಗೆ ಅಲ್ಲೇ ಬಿಟ್ಟು ಬಂದೆ. ಆದರೂ ಹೋದೆ. ಒಣಗಿದ ಕಣ್ಣಿನ ಮೇಲೆ ಬಿಳಿ ಬಳಿದು ಹೊಸದಾಗಿ ಬರೆದೆ. ಮತ್ತೆ ಅದೇ ಮಾತು. ಎಷ್ಟೋ ಐತವಾರಗಳು ಹೀಗೇ ಕಳೆದವು. ಮೊಂಡ ಮುದುಕ ಎಂದು ಬಸ್ಸಿನಲ್ಲಿ ಬೈದುಕೊಳ್ಳುತ್ತ ಬರುತ್ತಿದ್ದೆ. ಒಂದು ಸಲ ಕಂಪನಿಯ ಕೆಲಸ ತುರ್ತಿದೆಯೆಂದು ಹೋಗಲಿಲ್ಲ. ಆ ವಾರವೇ ಮಾವ ತೀರಿಕೊಂಡ.

ಕಾರ್ಯ ಮುಗಿದ ಮೇಲೆ ಅವನ ಮಗಳು ಹಲಗೆಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿತ್ತಳು. "ಅಪ್ಪ ಇದರ ಮುಂದೇ ಉಣ್ಣಾಕ ಕುಂದರ್ತಿದ್ದ. ನೀ ಮೊದಲ್ನೇ ಸಲ ಬರದು ಹೋದಿ ನೋಡು, ಆವತ್ತು ರಾತ್ರೀನ ನನ್ನ ಕರದು ತೋರಿಸಿದ, 'ನೋಡಬೇ, ಹೆಂಗ ನೋಡಾಕತ್ತದ' ಅಂತ."

ಹಲಗೆ ಈಗ ನನ್ನ ಮೇಜಿನ ಮೇಲಿದೆ. ಎತ್ತಿನ ಕಣ್ಣಿಗೆ ಬೆರಳಿಟ್ಟರೆ ಬಣ್ಣದ ಮೇಲೆ ಬಣ್ಣ ಕೂತು ದಪ್ಪಗೆ ಉಬ್ಬಿರುವುದು ತಾಗುತ್ತದೆ. ಅದರಲ್ಲಿ ಒಂದು ಐತವಾರದ ಪದರ ಕಡಿಮೆಯಿದೆ.