ಟೈಲರಕ್ಕನ ಕೈತುತ್ತು

ನನ್ನದು ಕ್ಷೌರದ ಅಂಗಡಿ. ವಾರಕ್ಕೊಂದು ರಜೆ. ಆ ದಿನವೂ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಕತ್ತರಿ, ಮೆಷಿನ್ನು ಎತ್ತಿಕೊಂಡು ನಮ್ಮ ಬಡಾವಣೆಯ ಪ್ರಾಣಿಗಳ ಶೆಲ್ಟರಿಗೆ ಹೋಗುತ್ತೇನೆ. ಯಾರೋ ಬಿಟ್ಟುಹೋದ ನಾಯಿಗಳು, ಕಾಲು ಮುರಿದವು, ಸಾಕಿದವರು ತೀರಿಕೊಂಡು ದಿಕ್ಕಿಲ್ಲದಂತಾದವು, ಎಲ್ಲ ಅಲ್ಲಿರುತ್ತವೆ. ಅವುಗಳ ಗಂಟುಗಟ್ಟಿದ ಕೂದಲು ಕತ್ತರಿಸುವುದು ನನ್ನ ಪಾಲಿನ ಸೇವೆ. "ನಾಯಿಗೆ ಹಾಕಿದ ಕತ್ತರೀನೇ ನಮಗೂ ಹಾಕ್ತೀಯೇನಯ್ಯಾ?" ಎಂದು ಗಿರಾಕಿಗಳು ರೇಗಿಸುತ್ತಾರೆ. "ಇಲ್ಲ ಸ್ವಾಮಿ, ಅವಕ್ಕೆ ಒಳ್ಳೇ ಕತ್ತರಿ ಇಟ್ಟಿದೀನಿ" ಎನ್ನುತ್ತೇನೆ. ನಾಯಿಗಳು ಕನ್ನಡಿ ನೋಡಿ ತಕರಾರು ತೆಗೆಯುವುದಿಲ್ಲ, ಅಷ್ಟು ಮರ್ಯಾದೆಯಾದರೂ ಅವಕ್ಕೆ ಸಲ್ಲಬೇಕು.

ಟೈಲರಕ್ಕ ನನಗೆ ಪರಿಚಯವಾದದ್ದು ಅಲ್ಲಿಯೇ. ಸಣಕಲು ಮೈ, ಕೊರಳಲ್ಲಿ ಸದಾ ಅಳತೆ ಟೇಪು, ಕೂದಲಲ್ಲಿ ಯಾವಾಗಲೂ ಒಂದೆರಡು ದಾರದ ಎಳೆ. ಉಗ್ರಾಣದ ಕೋಣೆಯಲ್ಲಿ ಒಂದು ಹಳೆಯ ತುಳಿಯುವ ಮೆಷಿನ್ ಇತ್ತು. ಜನ ಕೊಟ್ಟ ಹರಕು ಪರದೆ, ಬೆಡ್‌ಶೀಟುಗಳನ್ನು ಅದರಲ್ಲಿ ಹೊಲಿದು ನಾಯಿಗಳಿಗೆ ಹಾಸಿಗೆ ಮಾಡುತ್ತಿದ್ದಳು. ಹೊಲಿದ ಮೇಲೆ ಒಗೆದು, ಇಸ್ತ್ರಿ ಹಾಕಿ, ಮಡಚಿಯೇ ಕೊಡಬೇಕು. "ಅಕ್ಕಾ, ಇನ್ನು ಗಳಿಗೇಲಿ ಅದರ ಮೇಲೆ ಕಾಲೆತ್ತುತ್ತೆ ಅದು" ಎಂದರೆ, "ಅದರ ಕೆಲಸ ಅದು ಮಾಡ್ಲಿ, ನನ್ನ ಕೆಲಸ ನಾನು ಮಾಡ್ತೀನಿ" ಎನ್ನುತ್ತಿದ್ದಳು.

ಮದುವೆಯ ಗೊಡವೆಗೆ ಅವಳು ಹೋಗಿರಲಿಲ್ಲ. ತಮ್ಮನ ಮನೆಯಲ್ಲಿ ಒಂದು ಕೋಣೆ. ಅವನ ಹೆಂಡತಿಗೆ ಉಬ್ಬಸ, ನಾಯಿಯ ಒಂದು ಕೂದಲು ಗಾಳಿಗೆ ಹಾರಿದರೂ ಉಸಿರು ಕಟ್ಟುತ್ತಿತ್ತು. ಹಾಗಾಗಿ ಅಕ್ಕ ಹಿತ್ತಲಿನ ಬಚ್ಚಲಲ್ಲೇ ಮೈ ತೊಳೆದು, ಉಟ್ಟಿದ್ದನ್ನು ಅಲ್ಲೇ ಒಗೆದು ಹರವಿ, ಬೇರೆ ಬಟ್ಟೆ ಉಟ್ಟೇ ಒಳಗೆ ಹೋಗುತ್ತಿದ್ದಳು. "ನಾನಿದ್ದೀನಿ ಅಂತ ಆ ಮನೇಲಿ ಯಾರೂ ಕೆಮ್ಮಬಾರ್ದಪ್ಪ" ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಮುದಿ ನಾಯಿ ಬಂತು. ಕಿವಿ ಚೂರೂ ಕೇಳಿಸದು, ಒಂದು ಕಣ್ಣಿಗೆ ಪೊರೆ. ಸಾಕಿದ ಮುದುಕ ಒಬ್ಬನೇ ಇದ್ದವನು, ಮಲಗಿದಲ್ಲೇ ಹೋಗಿದ್ದ. ಬಾಗಿಲು ಒಡೆದಾಗ ನಾಯಿ ಮಂಚದ ಕೆಳಗಿತ್ತಂತೆ. ಶೆಲ್ಟರಿಗೆ ಬಂದ ಮೇಲೆ ಅದು ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ. ಮೊಟ್ಟೆ ಕಲಸಿದ ಅನ್ನ ಇಟ್ಟರೆ ಗೋಡೆ ಕಡೆ ತಿರುಗಿ ಮಲಗುತ್ತಿತ್ತು.

ಶೆಲ್ಟರ್ ನಡೆಸುವವರು ನಿವೃತ್ತ ಮೇಷ್ಟ್ರು. ಅವರದೊಂದು ಕಟ್ಟುನಿಟ್ಟು: ಒಂದು ನಾಯಿಗೆ ದಿನಾ ಒಬ್ಬರೇ ಊಟ ಹಾಕಕೂಡದು. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಒಬ್ಬರನ್ನೇ ಹಚ್ಚಿಕೊಂಡ ನಾಯಿ ನಾಳೆ ಬೇರೆ ಮನೆಗೆ ಹೋದರೆ ಅಲ್ಲಿ ಬಾಳುವುದಿಲ್ಲ. ಮಾತು ಸರಿಯೇ. ಆದರೆ ಸಾಯುವ ನಾಯಿಗೆ ಯಾವ ಕಟ್ಟುನಿಟ್ಟು? ಅಕ್ಕ ಉಗ್ರಾಣದಿಂದ ಎದ್ದು ಬಂದಳು. ನೆಲದ ಮೇಲೆ ಕೂತು, ಬೆರಳಲ್ಲಿ ಸಣ್ಣ ತುತ್ತು ಮಾಡಿ ಅದರ ಮೂತಿಯ ಮುಂದೆ ಹಿಡಿದಳು. ಕೈ ಸೋತರೂ ಇಳಿಸಲಿಲ್ಲ. ಕೊನೆಗೆ ಅದು ಮೂಸಿತು, ನೆಕ್ಕಿತು, ತಿಂದಿತು. ಮಾರನೆಯ ದಿನ ಮೇಷ್ಟ್ರು ಬೇರೆಯವರನ್ನು ಕಳಿಸಿ ನೋಡಿದರು. ಊಹೂಂ. ಅವರೂ ಕೈಚೆಲ್ಲಿದರು.

ಅಂದಿನಿಂದ ಅದಕ್ಕೆ ದೊರೆ ಎಂದು ಹೆಸರಾಯಿತು. ಅದನ್ನು ನೋಡಲು ನಾನೂ ದಿನಾ ಅಂಗಡಿ ತೆರೆಯುವ ಮುಂಚೆ ಒಂದು ಸುತ್ತು ಬರತೊಡಗಿದೆ. "ದೊರೆಗಳ ಭೋಜನ ಆಯ್ತಾ ಅಕ್ಕಾ?" ಎಂದು ನಾನು ಗೇಟಿನಿಂದಲೇ ಕೂಗುತ್ತಿದ್ದೆ. ಉಣಿಸುತ್ತಾ ಅಕ್ಕ ಅದಕ್ಕೆ ಮನೆಯ ವಿಷಯವನ್ನೆಲ್ಲ ಹೇಳುತ್ತಿದ್ದಳು.

"ಅದಕ್ಕೆ ಕಿವಿ ಕೇಳಿಸಲ್ಲ ಕಣಕ್ಕಾ."

"ಅದಕ್ಕೇ ಹೇಳೋದು. ಕೇಳಿಸೋರ ಹತ್ರ ಹೇಳೋ ಹಾಗಿದೆಯಾ?"

ಅಕ್ಕ ನಗುವುದನ್ನು ನಾನು ಮೊದಲು ನೋಡಿದ್ದು ಆ ದಿನಗಳಲ್ಲೇ. ದೊರೆಯನ್ನು ಮನೆಗೆ ಕರೆದೊಯ್ಯುವ ಆಸೆ ಅವಳಿಗಿತ್ತು. ಆದರೆ ತಮ್ಮನ ಬಳಿ ಬಾಯಿ ಬಿಡಲಿಲ್ಲ. ಬಿಟ್ಟು ಪ್ರಯೋಜನವೂ ಇರಲಿಲ್ಲ.

ಚಳಿ ಶುರುವಾದಾಗ ಫೋಟೋ ಸ್ಟುಡಿಯೋದ ಗಂಡ ಹೆಂಡತಿ ಬಂದರು. ಮಕ್ಕಳಿಲ್ಲ, ಮೆತ್ತಗಿನ ಜನ. ಯಾರೂ ಒಯ್ಯದ ಮುದಿ ನಾಯಿಯನ್ನೇ ಕೊಡಿ ಎಂದರು. ಬೆಚ್ಚಗಿನ ಮನೆ, ಹತ್ತಿರದಲ್ಲೇ ಡಾಕ್ಟರು. ಇಂಥವರು ಸಿಗುವುದು ಅಪರೂಪ. ಮೇಷ್ಟ್ರು ಕೇಳಿದಾಗ ಅಕ್ಕ, "ಹೋಗ್ಲಿ ಬಿಡಿ ಮೇಷ್ಟ್ರೇ, ಅದಕ್ಕೂ ಒಂದು ಮನೆ ಅಂತ ಆಗ್ಲಿ" ಎಂದಳು.

"ಜೊತೆಗೆ ನಿಮ್ಮದೊಂದು ಬಟ್ಟೆ ಕೊಡಿ" ಎಂದರು ಮೇಷ್ಟ್ರು. ನಮ್ಮಲ್ಲಿ ಅದು ರೂಢಿ. ಹಚ್ಚಿಕೊಂಡವರ ಬಟ್ಟೆಯೊಂದು ಹಾಸಿಗೆಯಲ್ಲಿದ್ದರೆ, ಆ ವಾಸನೆಯ ಧೈರ್ಯಕ್ಕೆ ನಾಯಿ ಹೊಸ ಜಾಗದಲ್ಲಿ ಊಟ ಮುಟ್ಟುತ್ತದೆ. ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ, ಅಕ್ಕನಿಗೆ ಗೊತ್ತೇ ಇರುತ್ತದೆ ಅಂದುಕೊಂಡರು. ಮಾರನೆಯ ದಿನ ಅಕ್ಕ ಕಾಗದದ ಚೀಲದಲ್ಲಿ ತನ್ನ ಹಸಿರು ಸ್ವೆಟರ್ ತಂದುಕೊಟ್ಟಳು. ಕಾರು ಹೊರಡುವಾಗ ಅವಳು ಗೇಟಿಗೆ ಬರುವಂತಿರಲಿಲ್ಲ, ನಾಯಿ ತಿರುಗಿ ನೋಡಬಾರದಲ್ಲ. ಉಗ್ರಾಣದಲ್ಲಿ ಮೆಷಿನ್ ಓಡುತ್ತಿತ್ತು. ಇಣುಕಿದರೆ, ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಅಕ್ಕ ಸುಮ್ಮನೆ ತುಳಿಯುತ್ತಿದ್ದಳು.

ಎರಡು ದಿನಕ್ಕೆ ಸ್ಟುಡಿಯೋದಮ್ಮನ ಫೋನು ಬಂತು. ದೊರೆ ಏನೂ ತಿನ್ನುತ್ತಿಲ್ಲ. "ಒಗ್ಗಿಕೊಳ್ಳುತ್ತೆ ತಾಯಿ, ಅವರ ಬಟ್ಟೆ ಪಕ್ಕದಲ್ಲೇ ಇಡಿ" ಎಂದರು ಮೇಷ್ಟ್ರು. ಮತ್ತೆ ಫೋನು, ಮತ್ತೆ ಅದೇ ಮಾತು. ಅಕ್ಕ ಕೈ ಕೈ ಹಿಸುಕಿಕೊಂಡು ನಿಂತಿದ್ದಳು. "ಒಂದೇ ಒಂದ್ಸಲ ಹೋಗಿ ಉಣಿಸಿ ಬರ್ತೀನಿ, ಮೇಷ್ಟ್ರೇ."

"ನೀವು ಹೋದ್ರೆ ಅದು ಇನ್ಯಾವತ್ತೂ ಆ ಮನೇದಾಗಲ್ಲಮ್ಮ. ಬಟ್ಟೆ ಇದೆಯಲ್ಲ, ಅದು ಕೆಲಸ ಮಾಡುತ್ತೆ."

ನನ್ನ ಬಾಯಿ ಮೊದಲೇ ಸರಿಯಿಲ್ಲ. ಮೂರನೆಯ ಸಲ ಫೋನು ಬಂದಾಗ, "ನಿಮ್ಮ ರೂಲ್ಸು ಅದಕ್ಕೆ ಓದೋಕ್ ಬರಲ್ಲ ಮೇಷ್ಟ್ರೇ!" ಎಂದು ಕಿರುಚಿ, ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟೆ.

ಸ್ಟುಡಿಯೋದ ಹಿಂದೆಯೇ ಮನೆ. ನಡುಮನೆಯ ಮೂಲೆಯಲ್ಲಿ ಹೊಸ ಬುಟ್ಟಿ, ಅದರಲ್ಲಿ ದೊರೆ. ಡಾಕ್ಟರು ಆಗಷ್ಟೇ ಗ್ಲೂಕೋಸ್ ಏರಿಸಿ ಹೋಗಿದ್ದರು. ಮೂತ್ರಪಿಂಡ ಕೈಕೊಟ್ಟಿದೆ, ಇನ್ನು ಏನೂ ಮಾಡುವಂತಿಲ್ಲ ಎಂದಿದ್ದರಂತೆ. ಸ್ಟುಡಿಯೋದಮ್ಮ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದಳು. "ನೀವು ಹೇಳಿದ ಹಾಗೇ ಮಾಡಿದೀವಮ್ಮ. ಸ್ವೆಟರು ಒಂದು ಗಳಿಗೇನೂ ತೆಗೆದಿಲ್ಲ. ಎಷ್ಟು ಶುಭ್ರವಾಗಿ ಒಗೆದು, ಇಸ್ತ್ರಿ ಮಾಡಿ ಕೊಟ್ಟಿದ್ರಿ! ಅದೇನೋ ಅದನ್ನ ಮೂಸಿ ಮೂಸಿ ಆಮೇಲೆ ದೂರ ತಳ್ಳಿಬಿಡ್ತಿತ್ತು."

ಒಗೆದು ಎಂಬ ಮಾತಿಗೆ ನಾನು ತಟ್ಟನೆ ಅಕ್ಕನ ಕಡೆ ತಿರುಗಿದೆ.

ಅಕ್ಕ ಬಗ್ಗಿ ಆ ಸ್ವೆಟರನ್ನು ಮೂಗಿಗೆ ಹಿಡಿದಳು. ನನ್ನ ಮುಖ ನೋಡಿದಳು. "ಇದರಲ್ಲಿ ನಾನಿರಬೇಕಾಗಿತ್ತಾ?" ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. "ಅಯ್ಯೋ, ಇನ್ನೊಬ್ಬರ ಮನೆಗೆ ಕೊಳೆ ಬಟ್ಟೆ ಹೆಂಗೆ ಕಳಿಸೋದು ಅಂತ... ಎರಡು ಸಲ ಒಗೆದೆ ಕಣೋ. ಬಿಸಿನೀರಲ್ಲಿ ಒಗೆದೆ." ನೆಲದ ಮೇಲೆ ಕುಸಿದು ಕೂತಳು.

ಆಮೇಲೆ ಅನ್ನ ಕೇಳಿ ಪಡೆದು ತುತ್ತು ಮಾಡಿದಳು. ದೊರೆಗೆ ತಲೆ ಎತ್ತಲು ಆಗಲಿಲ್ಲ. ಆದರೆ ಅವಳ ಬೆರಳು ಮೂತಿಯ ಬಳಿ ಬರುತ್ತಲೇ ಬಾಲ ಒಂದು ಸಲ ಬುಟ್ಟಿಗೆ ಬಡಿಯಿತು. ಬಾಯಿ ತೆರೆದು ತುತ್ತು ತೆಗೆದುಕೊಂಡಿತು. ನುಂಗಲು ಶಕ್ತಿಯಿರಲಿಲ್ಲ. ಅನ್ನ ಹಾಗೇ ದವಡೆಯಲ್ಲಿ ಉಳಿಯಿತು. ಅಕ್ಕ ಮೆಲ್ಲಗೆ ಬೆರಳು ಹಾಕಿ ಅದನ್ನು ತೆಗೆದಳು, ಗಂಟಲಿಗೆ ಸಿಕ್ಕಬಾರದೆಂದು. ಸಂಜೆಯೊಳಗೆ ದೊರೆ ಹೋಯಿತು. ನಾನು ಗಂಡಸು, ಐವತ್ತು ದಾಟಿದವನು, ಪರರ ನಡುಮನೆಯಲ್ಲಿ ನಿಂತು ಗೊಳೋ ಎಂದು ಅತ್ತೆ. ಅಕ್ಕ ಅಳಲಿಲ್ಲ, ಅದು ಇನ್ನೂ ಸಂಕಟದ್ದು.

"ನಾನು ಹೇಳ್ಬೇಕಾಗಿತ್ತಮ್ಮ, ತಪ್ಪು ನನ್ನದು" ಎಂದು ಮೇಷ್ಟ್ರು ಎಲ್ಲರ ಎದುರೇ ಕೈಮುಗಿದರು. ನಾನೂ ಎಷ್ಟೋ ಸಮಾಧಾನ ಹೇಳಿದೆ. ಅಕ್ಕ ಎಲ್ಲಕ್ಕೂ ಹೂಂಗುಟ್ಟಿದಳು. ಕೆಲಸ ಬಿಡಲಿಲ್ಲ. ಬರುತ್ತಿದ್ದಳು, ಹೊಲಿಯುತ್ತಿದ್ದಳು, ಹೋಗುತ್ತಿದ್ದಳು. ನಾಯಿಗಳ ಗೂಡಿನ ಕಂಬಿಗಳ ಕಡೆ ಮಾತ್ರ ಸುಳಿಯುತ್ತಿರಲಿಲ್ಲ.

ಕಳೆದ ವಾರ ಮರಿ ಕಳೆದುಕೊಂಡ ಒಂದು ತಾಯಿನಾಯಿ ಬಂದಿದೆ. ಅದೂ ಊಟ ಮುಟ್ಟುತ್ತಿಲ್ಲ. ಎಲ್ಲರೂ ಪ್ರಯತ್ನಿಸಿ ಸೋತ ಮೇಲೆ ಮೇಷ್ಟ್ರೇ ಉಗ್ರಾಣದ ಬಾಗಿಲಿಗೆ ಬಂದರು. "ಅಮ್ಮಾ, ಒಂದ್ಸಲ ನೀವು ಬಂದು ಕೂತ್ಕೊಳ್ತೀರಾ?"

ಅಕ್ಕ ತಲೆ ಎತ್ತದೆ ಹೇಳಿದಳು: "ನನ್ನ ಕೈ ರುಚಿ ಇನ್ಯಾವ ಜೀವಕ್ಕೂ ಹತ್ತಿಸಬೇಡಿ, ಮೇಷ್ಟ್ರೇ."

ತಟ್ಟೆ ಹಿಡಿದು ನಾನೇ ಹೋಗಿ ಕೂತೆ. ಅಕ್ಕ ಮಾಡುತ್ತಿದ್ದಷ್ಟೇ ಸಣ್ಣ ತುತ್ತು ಮಾಡಿ, ಕೈ ನೋಯುವವರೆಗೆ ಹಿಡಿದೆ. ನಾಯಿ ತಿನ್ನಲಿಲ್ಲ. ಅಕ್ಕ ಎದ್ದು ಬರಲಿಲ್ಲ.