ಅಪ್ಪನ ಅರಿಶಿನ, ನನ್ನ ಮ್ಯೂಚುವಲ್ ಫಂಡು

ಮೊದಲೇ ಒಪ್ಕೊಂಡುಬಿಡ್ತೀನಿ: ಸ್ಪೀಕರ್ ಕೊಂಡಿದ್ದು ನಾನೇ, ಕ್ರೆಡಿಟ್ ಕಾರ್ಡ್ ಉಜ್ಜಿದ್ದೂ ನಾನೇ. ಮಿಮಿಕ್ರಿ ಮಾಡೋನಿಗೆ ಸ್ವಂತ ಸೌಂಡ್ ಸಿಸ್ಟಮ್ ಇದ್ದರೆ ಗತ್ತೇ ಬೇರೆ ಅಂತ ಒಂದೇ ಸಲಕ್ಕೆ ಎಪ್ಪತ್ತು ಸಾವಿರ. ಆಮೇಲೆ ತಿಂಗಳು ತಿಂಗಳೂ ‘ಮಿನಿಮಮ್ ಡ್ಯೂ’ ಕಟ್ಟುತ್ತಾ ಬಂದೆ. (ಮಿನಿಮಮ್ ಅನ್ನೋ ಪದದಲ್ಲಿ ಎಂಥಾ ಸಮಾಧಾನ ನೋಡಿ.) ಎಂಟು ತಿಂಗಳಾಯ್ತು. ಬಾಕಿ ಎಪ್ಪತ್ತರ ಆಸುಪಾಸಿನಲ್ಲೇ ಹಾಯಾಗಿ ಕೂತಿದೆ.

ಹಾಗಂತ ಕೈ ಖಾಲಿಯೇನಲ್ಲ. ಹಳೇ ವ್ಯಾನ್ ಒಂದನ್ನ ಕೊಳ್ಳೋಕೆ ಅಂತ ಐದು ವರ್ಷ ಕೂಡಿಟ್ಟ ಲಕ್ಷ ಚಿಲ್ಲರೆ ಮ್ಯೂಚುವಲ್ ಫಂಡಿನಲ್ಲಿದೆ. ಬೆಳಿಗ್ಗೆ ಆ್ಯಪ್ ತೆರೆದು ಅದರ ಮುಖ ನೋಡದಿದ್ದರೆ ನನಗೆ ಕಾಫಿ ಇಳಿಯಲ್ಲ. ಅದನ್ನ ಮುರಿಯೋದಾ?

ನಿಮ್ಮಲ್ಲೂ ಇಂಥವರು ಎಷ್ಟು ಜನ ಇದ್ದೀರಿ? (ಕೈ ಎತ್ತಬೇಡಿ, ಮನೆಯವರು ನೋಡ್ತಾರೆ.)

ಕಳೆದ ಭಾನುವಾರ ಗುಂಡ್ಲುಪೇಟೆಯ ಮದುವೆಯೊಂದರಲ್ಲಿ ನನ್ನ ಪ್ರೋಗ್ರಾಮ್. ನೆಂಟರ ಮದುವೆ, ಅಪ್ಪನೂ ಬಂದಿದ್ದರು. ಅವರೆದುರೇ ಅವರ ದನಿ ತೆಗೆದೆ. ಕುದೇರಿನ ನಮ್ಮನೇಲಿ ಒಮ್ಮೆ ಅಪ್ಪ ರೇಟು ಏರಲಿ ಅಂತ ಅರಿಶಿನದ ಮೂಟೆಗಳನ್ನ ಎರಡು ವರ್ಷ ಮಾರದೇ ಇಟ್ಟಿದ್ದರು. ಕೊನೆಗೆ ಹುಳ ಬಿದ್ದು ಕೊಂಬಿನೊಳಗೆಲ್ಲ ಬರೀ ಪುಡಿ. ಅದೇ ನನ್ನ ಹಿಟ್ ಐಟಂ. ಟವೆಲ್ ಕೊಡವಿ, “ಇನ್ನೊಂದ್ ವಾರ ತಡಿಲಾ, ರೇಟು ಏರ್ತದೆ” ಅಂದರೆ ಸಾಕು, ಊಟದ ಪಂಕ್ತಿಯಲ್ಲಿದ್ದವರೂ ನಗ್ತಾರೆ. ಅಪ್ಪ ಮಾತ್ರ ಪಾಯಸದ ಕಡೆಗೇ ಗಮನ ಕೊಟ್ಟಿದ್ದರು.

ಅಪ್ಪನನ್ನ ಬೈಕಿನಲ್ಲಿ ಕೂರಿಸ್ಕೊಂಡು ಚಾಮರಾಜನಗರದ ಕಡೆ ವಾಪಸ್ ಬರುವಾಗ ತೆರಕಣಾಂಬಿಯಲ್ಲಿ ಟೀಗೆ ಬೈಕ್ ನಿಲ್ಲಿಸಿದೆ. (ಸೌಂಡ್ ಸಿಸ್ಟಮ್ ಹಿಂದೆ ಗೂಡ್ಸ್ ಆಟೋದಲ್ಲಿ. ಅದರ ಬಾಡಿಗೆ ಬೇರೆ.) ಫೋನ್ ಕುಯ್ ಅಂತು. ಕಾರ್ಡಿನ ಸ್ಟೇಟ್‌ಮೆಂಟ್.

“ಏನ್ಲಾ, ಮಖ ಇಳ್ದೋಯ್ತು?”

ಹೇಳಿದೆ. ಫಂಡಿನ ವಿಷಯಾನೂ ಬಾಯಿಬಿಟ್ಟೆ.

“ಆ ಫಂಡು ವರ್ಸಕ್ಕೆ ನೂರಕ್ಕೆ ಎಷ್ಟ್ ಕೊಡ್ತದೆ?”

“ಮಾರ್ಕೆಟ್ ಚೆನ್ನಾಗಿದ್ರೆ ಹನ್ನೆರಡು.”

“ಈ ಕಾರ್ಡು ಎಷ್ಟ್ ಕಿತ್ಕತದೆ?”

“ತಿಂಗಳಿಗೆ ಮೂರೂವರೆ.”

ಅಪ್ಪ ಬೆರಳು ಮಡಿಚಿ ಲೆಕ್ಕ ಹಾಕಿದರು. ನಲವತ್ತೆರಡು. ಅದು ನನಗೂ ಗೊತ್ತಿತ್ತು, ಬೆರಳು ಮಡಿಚಿರಲಿಲ್ಲ ಅಷ್ಟೆ.

“ಮತ್ತೆ ಮುರೀದೆ ಯಾಕ್ಲಾ ಕುಂತಿದ್ದೀಯ?”

“ಮಾರ್ಕೆಟ್ ಈಗ ಸ್ವಲ್ಪ ಬಿದ್ದಿದೆ ಅಪ್ಪ. ಇನ್ನೊಂದ್ ತಿಂಗಳು ತಡೆದ್ರೆ ಏರ್ತದೆ.”

ಬಾಯಿಂದ ಬಿದ್ದ ಮೇಲೆ ಗೊತ್ತಾಯ್ತು. ದನಿ ನನ್ನದು, ಡೈಲಾಗ್ ಅಪ್ಪಂದು. ಟವೆಲ್ ಒಂದೇ ಕಡಿಮೆ. ಸ್ಟೇಜ್ ಮೇಲೆ ಇಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ.

ಸೋಮವಾರ ಬೆಳಿಗ್ಗೆಯೇ ಫಂಡು ಮುರಿಯೋಕೆ ಹಾಕಿದೆ. ಕಾರ್ಡಿನ ಬಾಕಿ ಪೂರ್ತಿ ತೀರುತ್ತೆ, ವ್ಯಾನ್ ಇನ್ನೆರಡು ವರ್ಷ ಕಾಯುತ್ತೆ. ಬೇರೆ ದಾರಿ ಇರಲಿಲ್ಲ. ಆವತ್ತು ತೆರಕಣಾಂಬಿಯಲ್ಲಿ ಅಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. ಟೀ ಮುಗಿಸಿ, ಗ್ಲಾಸ್ ಕೆಳಗಿಟ್ಟು ಇಷ್ಟೇ ಅಂದರು:

“ನನ್ನ ಅರಿಶಿನಕ್ಕೆ ಹುಳ ತಾನಾಗೇ ಬಿತ್ತು ಕಣ್ಲಾ. ನೀನು ಹುಳನ ಮನೇಲಿ ಸಾಕ್ಬುಟ್ಟು, ತಿಂಗ್ಳು ತಿಂಗ್ಳೂ ಮೇವು ಹಾಕ್ತಿದ್ದೀಯಲ್ಲ.”